ಎರಡು ಪಾಯಿಂಟ್ ಬಿಳುಪು

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗಲೆಲ್ಲ
ನಮ್ಮ ಅಂಗಡಿಗೆ ಹತ್ತು ನಿಮಿಷದ ಓದುಗರು.
ಸ್ಕೂಟರ್ ಆಫ್ ಮಾಡಿ, ಕತ್ತೆತ್ತಿ
ನಾನು ಹೊಡೆದದ್ದನ್ನೆಲ್ಲ ಓದುತ್ತಾರೆ:
ಹುಟ್ಟುಹಬ್ಬ, ಗೃಹಪ್ರವೇಶ, ಶಿವಗಣಾರಾಧನೆ,
ಎಲ್ಲದರ ನೆತ್ತಿಯ ಮೇಲೆ ಒಂದೇ ಮುಖ.

ಒಂಬತ್ತು ವರ್ಷದಿಂದ ಆ ಮುಖ ನನ್ನ ಮಾನಿಟರಿನಲ್ಲಿದೆ.
ಕಟ್ಟಿಕೊಂಡ ಗಂಡನದಕ್ಕಿಂತ ಚೆನ್ನಾಗಿ ಬಲ್ಲೆ.
ಎಡಗಣ್ಣಿನ ಕೆಳಗೆ ಸಣ್ಣ ಚೀಲ,
ಗದ್ದದ ಮಗ್ಗುಲಲ್ಲಿ ಎಳ್ಳಿನಂಥ ಮಚ್ಚೆ,
ಎರಡನ್ನೂ ಒರೆಸಬೇಕು. ಆಮೇಲೆ
ಎರಡು ಪಾಯಿಂಟ್ ಬಿಳುಪು.
"ಇನ್ನೊಂಚೂರು ಏರ್ಸವ್ವ," ಬೆನ್ನ ಹಿಂದೆ ಕೊಟ್ರೇಶಣ್ಣ,
"ದೇಶದ ಮುಖ ಅದು. ಹೊರಗಿನೋರು ನೋಡ್ತಾರ."
ನನಗೆ ಗೊತ್ತಿದ್ದ ಹೊರಗು
ಹರಿಹರದ ಹೊಳೆ ಸೇತುವೆಗೆ ಮುಗಿಯುತ್ತಿತ್ತು.

ನಮ್ಮವ್ವನ ಕೇಳಿ. ಕಾಟನ್ ಮಿಲ್ಲಿನ ಸ್ಪಿನ್ನಿಂಗಿನಲ್ಲಿ
ಇಪ್ಪತ್ತೆರಡು ವರ್ಷ ನೂಲು ಎಳೆದವಳು.
ಒಂದು ಸೋಮವಾರ ಗೇಟಿಗೆ ಬೀಗ;
ಯಾರೂ ಹೊರಬಂದು ಒಂದು ಮಾತು ಅನ್ನಲಿಲ್ಲ.
ಈಗ ಅವನು ಯಾವುದೋ ದೇಶದಲ್ಲಿ ವಿಮಾನ ಇಳಿಯುವಾಗ
ಸೆರಗು ಸರಿಮಾಡಿಕೊಂಡು ಟಿವಿ ಮುಂದೆ ಕೂರುತ್ತಾಳೆ,
ಮಗ ಬೀಗರ ಮನೆಗೆ ಕಾಲಿಟ್ಟಂತೆ.
"ನೋಡು, ಹೆಂಗ ಎರಡೂ ಕೈ ಹಿಡಕೊಂಡು ಮಾತಾಡಸ್ತಾರ."
ನಗಲು ಹೋಗಿ ಅವಳ ಕೈ ನೋಡುತ್ತೇನೆ,
ಸುಮ್ಮನಾಗುತ್ತೇನೆ.

ರೆಹೆಮಾ ಬಂದದ್ದು ವೀಸಾದ ಫೋಟೊಕ್ಕೆ.
ತಾಂಜಾನಿಯಾದವಳು, ಫಾರ್ಮಸಿ ಎರಡನೇ ವರ್ಷ;
ಕೊಟ್ರೇಶಣ್ಣ ಬಿಲ್ಲಿನಲ್ಲಿ ರಹೀಮಾ ಎಂದು ಬರೆದ.
ಬರೆದು, ಗೋಡೆಯ ಮುಖ ತೋರಿಸಿ ಕೇಳಿದ:
"ನಿಮ್ ಕಡೆ ಇವರು ಗೊತ್ತಾ? ಫೇಮಸ್ಸಾ?"
ಅವಳು ನೋಡಿದಳು, ಸಭ್ಯವಾಗಿ, ಸ್ವಲ್ಪ ಹೊತ್ತು.
ಮೆಸ್ಸಿನ ಗಂಗಮಾಳಮ್ಮ ಕಲಿಸಿದ ಕನ್ನಡದಲ್ಲಿ ಅಂದಳು:
"ಬಜಾಜಿ ಗೊತ್ತು. ಆಟೋಗೆ ನಾವು ಬಜಾಜಿ ಅಂತೀವಿ.
ಅಜ್ಜಿ ಬಿಪಿ ಗುಳಿಗೆ, ಅದು ನಿಮ್ದು.
ಕೆಟ್ರೆ ರಿಪೇರಿ ಆಗ್ತೈತಿ, ಅದು ನಿಮ್ ಹೆಸರು."
"ಅಷ್ಟೇನಾ?" ಅಂದ ಕೊಟ್ರೇಶಣ್ಣ,
ದೋಸೆಯಲ್ಲಿ ಬೆಣ್ಣೆ ಕಮ್ಮಿಯಾದವನಂತೆ.

ಕೈಗೆ ಅಭ್ಯಾಸ. ಮರುದಿನ
ಎಂಟೂ ಫೋಟೊ ವಾಪಸ್ ತಂದಳು.
"ಅಕ್ಕ, ಇದು ನಾನಲ್ಲ. ಇದನ್ನ ಹಿಡ್ಕೊಂಡು ಹೋದ್ರೆ
ನನ್ ದೇಶಕ್ಕೇ ನನ್ನ ಬಿಡಲ್ಲ."
ಒಂದೊಂದೇ ಪಾಯಿಂಟು ಇಳಿಸಿದೆ.
ಹುಣಸೆಬೀಜದ ಹೊಳಪು ಮೆಲ್ಲಗೆ ಕೆನ್ನೆಗೆ ಮರಳಿತು.
ಅಷ್ಟರಲ್ಲಿ ಅವಳ ಫೋನು. ತಾಯಿ.
ಅವಳ ಕೈಯಲ್ಲೊಂದು ಚೀಟಿ: ವಿದ್ಯಾನಗರ, ನಿಟ್ಟುವಳ್ಳಿ,
ಐದು ಮನೆ ನಂಬರು, ಐದಕ್ಕೂ ಅಡ್ಡಗೀಟು.
'ಮನೆ ಬಾಡಿಗೆಗೆ ಇದೆ', ಆ ಬೋರ್ಡುಗಳೂ ನಾನೇ ಹೊಡೆದದ್ದು.
ಅವಳನ್ನು ಕಂಡ ಮೇಲೆ ಇರಲಿಲ್ಲ.
ಅವಳ ಭಾಷೆಯಲ್ಲಿ ನನಗೆ ತಿಳಿದದ್ದು ಎರಡೇ ಪದ,
ದಾವಣಗೆರೆ, ಇಂಡಿಯಾ.
ಅವುಗಳ ನಡುವೆ ಏನು ತುಂಬಿದಳೋ.
ಒಮ್ಮೆ ನಕ್ಕಳು. ಒಮ್ಮೆ ಗೋಡೆಯ ಕಡೆ ತಿರುಗಿ ನಿಂತಳು.

ನಮ್ಮ ಮಾಳಿಗೆ ಮೇಲೊಂದು ಕೋಣೆ ಖಾಲಿ ಇದೆ,
ಸೋರದಂತೆ ಹಳೆ ಫ್ಲೆಕ್ಸ್ ಹೊದಿಸಿದ್ದು.
ನಾಲಗೆ ತುದಿಗೆ ಬಂತು.
ಗೇಟು ಎದ್ದಿತು, ಹಾರನ್ನು, ಹೊಗೆ;
ಐವತ್ತು ರೂಪಾಯಿ ಎಣಿಸಿಟ್ಟು ಅವಳು ದಾಟಿಹೋದಳು.

ಆ ರಾತ್ರಿ ಅರ್ಜೆಂಟ್ ಆರ್ಡರು:
'ವಿಶ್ವ ಗೆದ್ದು ಬಂದ ನಾಯಕನಿಗೆ ಸ್ವಾಗತ',
ಇಪ್ಪತ್ತು ಬೈ ಮೂವತ್ತು.
ಚೀಲ ಒರೆಸಲಿಲ್ಲ, ಮಚ್ಚೆ ಮುಟ್ಟಲಿಲ್ಲ,
ಬಂದ ಬಣ್ಣಕ್ಕೇ ಪ್ರಿಂಟ್ ಕೊಟ್ಟೆ.
ಬೆಳಗ್ಗೆ ಜಯದೇವ ಸರ್ಕಲ್ಲಿನಲ್ಲಿ ಕಟ್ಟಿದರು.
ಕೊಟ್ರೇಶಣ್ಣನಿಗೆ ಗೊತ್ತಾಗಲಿಲ್ಲ, ಪಕ್ಷದವರಿಗೂ.
ಸೊಪ್ಪು ತರಲು ಹೋದ ನಮ್ಮವ್ವ ಮಾತ್ರ
ಕೈಚೀಲ ಕೆಳಗಿಟ್ಟು ನಿಂತಳಂತೆ.
ಮನೆಗೆ ಬಂದು ಅಂದಳು:
"ಯಾಕೋ ಸೊರಗ್ಯಾನ. ಮುಖ ಕಪ್ಪಿಟ್ಟೈತಿ.
ಅಲ್ಲಿ ಯಾರೋ ಏನೋ ಅಂದಿರಬೇಕು."