ಸಮುದ್ರ ಎಷ್ಟು ದೂರ

ಧೈದ್‌ನ ನರ್ಸರಿಯೊಳಗ ನನ್ನ ಕೆಲಸ ಚೀಟಿ ಬರಿಯೋದು.
ಯಾವ ಗಿಡದ ಕಾಯಿ, ಯಾವ ದಿಬ್ಬದ ಉಸುಕು,
ಸಮುದ್ರ ಎಷ್ಟು ದೂರ, ಆರಿಸಿದಾವ ಯಾರು.
ಚೀಟಿ ಹರಿದ ಚೀಲ ಮೌಜಾ ಒಳಗ ಬಿಡಂಗಿಲ್ಲ.
"ಊರು ಗೊತ್ತಿಲ್ಲದ ಬೀಜ ಒಲಿಗೆ ಹಾಕು," ಅಂತಾಳ
ಮುರುಕು ಹಿಂದಿಯೊಳಗ.

ಗಾಫ್ ಅಂತಾರ ಇಲ್ಲಿ. ಬಂದ ಮೊದಲನೇ ದಿನ
ಎಲಿ ಮುಟ್ಟಿ ನೋಡಿ ನಕ್ಕಿದ್ದೆ:
ಇದು ನಮ್ಮ ಬನ್ನಿ!
ಇಂಡಿ ಕಡೆ ದಸರಾದಾಗ ಕೈಗೆ ಎಲಿ ಕೊಟ್ಟು
ಬಂಗಾರದಂಗ ಇರೋಣು ಅಂತೀವಿ ಅಂದರ
ಮೌಜಾ ತನ್ನ ಕೈಯಾಗಿನ ಬಳಿ ತಿರುವಿ ತಿರುವಿ ನೋಡ್ಕೊಂಡ್ಳು.

ಮೂರು ಸಾಲು ಹಾಕಿದ್ವಿ.
ಉಮ್ ಅಲ್ ಕ್ವೈನ್ ದಂಡಿಯ ಬೀಜ,
ಗುಡ್ಡದ ಬುಡದ್ದು, ಲಿವಾದ್ದು.
ಮೂರಕ್ಕೂ ಒಂದ ಬಾವಿಯ ಸವಳು ನೀರು.
ಲಿವಾದ್ದು ಒಂದೂ ಮೊಳೀಲಿಲ್ಲ.
ಆ ಖಾಲಿ ಸಾಲಿನೊಳಗ,
ಖರೇ ಹೇಳ್ತೀನಿ, ಸೂಟಿ ಮುಗಿಸಿ ಬರೂಮುಂದ
ಶೇಂಗಾ ಹಿಂಡಿ ಡಬ್ಬಿಯೊಳಗ ಮುಚ್ಚಿ ತಂದ
ನಮ್ಮ ಎರಿ ಹೊಲದ ಬದುವಿನ ಬನ್ನಿ ಊರಿದೆ.
ಚೀಟಿ ಮ್ಯಾಲ ಲಿವಾ ಅಂತನ ಇತ್ತು.
ನಾ ಬರೀ ಅಳಿಸಲಿಲ್ಲ.

ಏನು ಎದ್ದುವರೀ ಅವು!
ಎಂಟು ತಿಂಗಳಿಗೆ ಸೊಂಟಮಟ.
ದಂಡಿಯದು ಇನ್ನೂ ಗೇಣುದ್ದ ಕುಂತಿತ್ತು,
ಸಿಟ್ಟಿಗೆದ್ದು ಉಣ್ಣದ ಹುಡುಗನಂಗ.
ದೊಡ್ಡ ಸಾಹೇಬರು ಬಂದು ಫೋಟೋ ಹೊಡಸ್ಕೊಂಡ್ರು,
ರಸ್ತೆಗುಂಟ ಲಿವಾದ್ದ ಹಚ್ಚೋಣ ಅಂದ್ರು.
ಆ ರಾತ್ರಿ ಕ್ಯಾಂಪಿನ್ಯಾಗ ನನಗ ಊಟ ಸೇರಲಿಲ್ಲ.

ಆಗಸ್ಟ್.
ಬಿಸಿಗಾಳಿಗೆ ನಮ್ಮೂರಿನವರ ಎಲಿ ಅಂಚಿನಿಂದ ಕಂದಿದ್ವು.
ಮೌಜಾ ಎರಡು ಕಡೆ ಅಗಿಸಿದ್ಳು.
ದಂಡಿಯ ಗಿಡ್ಡಂದು ಒಂದಾಳು ಮೀರಿ ಬೇರು ಇಳಿಸಿ
ಇನ್ನೂ ಕೆಳಗ ದಾರಿ ಕೇಳ್ಕೋತ ಹೊಂಟಿತ್ತು;
ನಮ್ಮದು ಮೊಳಕಾಲಿನಷ್ಟಕ್ಕ ನಿಂತು
ಅಡ್ಡ ಹರಡಿತ್ತು, ಮಳಿ ಬರತದ ಅಂತ ನಂಬಿಕೊಂಡು.

"ಯಮನೂರ್, ಇದು ಲಿವಾ ಅಲ್ಲ. ಯಾವ ಊರಿಂದು?"

ಹೇಳಿದೆ.
ಬೈತಾಳ ಅನಕೊಂಡೆ. ಬೈಲಿಲ್ಲ.
"ಹೂವು ಬಿಡೋದರೊಳಗ ಕೀಳು," ಅಂದ್ಳು,
"ಜೇನಿಗೆ ಚೀಟಿ ಓದಾಕ ಬರೂದಿಲ್ಲ."

ಹನ್ನೊಂದು ಗಿಡ ಕಿತ್ತೆ. ಹನ್ನೆರಡನೇದು ತಾನ ಸತ್ತಿತ್ತು.
ಚೀಟಿ ಬಿಸಾಕಾಕ ಹೋದರ ತಡದ್ಳು:
ಸತ್ತದ್ದರ ಊರೂ ಬೇಕು.
ಲಿವಾ ಹೊಡೆದು ಹಾಕಿ ಬರದೆ, ಕನ್ನಡದಾಗ:
ಇಂಡಿ. ಎರಿ ಮಣ್ಣು. ಬದುವಿನ ಗಿಡ.
ಆರಿಸಿದಾವ ನಾನ.
ಸಮುದ್ರ ಎಷ್ಟು ದೂರ ಅನ್ನೋ ಕಡೆ ಪೆನ್ನು ನಿಂತಿತು.
ನಮ್ಮೂರಾಗ ಯಾರೂ ಅದನ್ನ ಅಳದಿಲ್ಲ.