ತೆನೆಗೆ ಅಡ್ಡಗೆರೆ

ನಮ್ಮ ಪಬ್ಬಿನಲ್ಲಿ ಲೆಕ್ಕ ಬಾಯಲ್ಲಿಲ್ಲ, ಚೀಟಿಯಲ್ಲಿ.
ಒಂದು ಗ್ಲಾಸು ಇಟ್ಟರೆ ಒಂದು ಗೆರೆ,
ಇನ್ನೊಂದಕ್ಕೆ ಇನ್ನೊಂದು,
ಐದನೆಯದನ್ನು ಓರೆಯಾಗಿ ಎಳೆದರೆ
ಬೇಲಿ ಕಟ್ಟಿದ ಹಾಗೆ ಕಾಣುತ್ತದೆ.
ಮುಚ್ಚುವ ಹೊತ್ತಿಗೆ ಲೂಬೋರನ ಚೀಟಿಯಲ್ಲಿ
ಒಂದು ಬೇಲಿ, ಅದರಾಚೆ ಒಂಟಿ ಗೂಟ.
ಇಪ್ಪತ್ತು ವರ್ಷ ಅಷ್ಟೇ. ಹೆಚ್ಚಿಲ್ಲ, ಕಮ್ಮಿಯಿಲ್ಲ.

ಮಾಲ್ಟು ಮನೆಯಲ್ಲಿ ಅವನ ಕೆಲಸ.
ಹಾನಾ ಬಯಲಿನ ಬಾರ್ಲಿ ನೆನೆಸಿ, ಹರವಿ,
ಮೊಳಕೆ ಮೂತಿ ತೋರಿಸಿದ ಕೂಡಲೇ
ಮರದ ಸಲಿಕೆಯಲ್ಲಿ ಮಗುಚಿ ಮಗುಚಿ
ಅಂಗೈಯೂ ಸಲಿಕೆಯ ಬಣ್ಣಕ್ಕೆ ತಿರುಗಿತ್ತು.
ಕಿವಿಗೆ ಹಿಡಿದರೆ ಕಾಳು ಮಾತಾಡುತ್ತೆ ಅನ್ನುತ್ತಿದ್ದ.
ಸ್ವಂತ ಹೊಟ್ಟೆ ಮಾತಾಡಿದ್ದು ಮಾತ್ರ ಅವನಿಗೆ ಕೇಳಲಿಲ್ಲ.

ಕೇಳಿದ್ದು ಒಲೋಮೌತ್ಸಿನ ಡಾಕ್ಟರಿಗೆ.
ವಯಸ್ಸು ಐವತ್ತೆಂಟು, ತೂಕವೂ ಅಷ್ಟಕ್ಕೇ ಇಳಿದಿತ್ತು.
ಗೋಧಿ ಬೇಡ, ರೈ ಬೇಡ, ಬಾರ್ಲಿ ಬೇಡ,
ಅದರೊಳಗಿನ ಅಂಟು ನಿನಗಾಗದು ಎಂದರು.
ಅಂಟು ಬಿಡಬಹುದು ಡಾಕ್ಟ್ರೇ,
ನಂಟು?

ಆಮೇಲೆ ಶುರುವಾಯಿತು ನೋಡಿ ಹುಡುಕಾಟ.
ಸೇಬಿನ ಸೈಡರ್ ತರಿಸಿದೆ.
ಯಾವ ಮಗುವಿನ ಹುಟ್ಟುಹಬ್ಬ? ಅಂದ.
ವೈನು ಕೊಟ್ಟೆ. ಎರಡು ಬೆರಳಲ್ಲಿ ಲೋಟದ ಕಾಲು ಹಿಡಿದು
ಬೇರೆಯವರ ಕೋಟು ತೊಟ್ಟವನ ಹಾಗೆ ಕೂತ.
ಪ್ಲಮ್ಮಿನ ಬ್ರಾಂದಿ ಸರಿಯೇ, ತಕರಾರಿಲ್ಲ,
ಆದರೆ ಅದು ಗುಟುಕಿನ ಮದ್ದು,
ಸಂಜೆಯ ಉದ್ದಕ್ಕೆ ಸಾಲುವುದಿಲ್ಲ.
ಬಿಯರು ಅಂದರೆ ಇಲ್ಲಿ ಕುಡಿತವಲ್ಲ,
ಎಷ್ಟು ಹೊತ್ತು ಕೂತೆವು ಅನ್ನುವುದರ ಅಳತೆ.

ಬ್ರನೋದಿಂದ ಒಂದು ಪೆಟ್ಟಿಗೆ ಬಂತು. ಅವನಿಗಾಗುವಂಥದ್ದು.
ಲೇಬಲ್ಲಿನಲ್ಲಿ ಒಂದು ತೆನೆ, ತೆನೆಗೆ ಅಡ್ಡಗೆರೆ.
ಲೂಬೋರ್ ಬಾಟ್ಲಿ ತೆರೆಯಲೇ ಇಲ್ಲ.
ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ
ಹೆಬ್ಬೆರಳ ಉಗುರಲ್ಲಿ ಆ ಗೆರೆ ಕೆರೆಯುತ್ತ ಕೇಳಿದ:
ನಾನು ಕುಡಿಯಬಾರದು, ಸರಿ.
ಇದನ್ನೇಕೆ ಹೊಡೆದುಹಾಕಿದರು?
ಝ್ಬಿನ್ಯೇಕ್ ನಕ್ಕ. ಯಾರೂ ಜೊತೆಗೂಡಲಿಲ್ಲ.

ಅವನಿಗೆಂದೇ ಬೇರೆ ಗ್ಲಾಸು, ಬೇರೆ ಬಟ್ಟೆ, ಬೇರೆ ಕಪಾಟು ಇಟ್ಟಿದ್ದೆ,
ನಲ್ಲಿಯಿಂದ ಒಂದು ತೊಟ್ಟೂ ಸಿಡಿಯದ ಹಾಗೆ.
ಚರ್ಚಿಗೆ ಹೋಗುವಾಗಲೂ ಮಾಡಿಲ್ಲ ಇಷ್ಟು ಮಡಿ.
ಎರಡು ತಿಂಗಳು ಅವನು ಬರಲಿಲ್ಲ.
ಆ ಕುರ್ಚಿಯ ಮೇಲೆ ಓಲ್ದ್ರಿಖ್ ಟೋಪಿ ಇಡುತ್ತಿದ್ದ.

ಮಾರ್ಚಿಯಲ್ಲಿ ಬಂದ. ಕಂಕುಳಲ್ಲಿ
ಸೌತೆಕಾಯಿ ಉಪ್ಪಿನಕಾಯಿಯ ಹಳೇ ಜಾಡಿ,
ಒಳಗೆ ಮಬ್ಬು ಹಳದಿ ನೀರು, ತಳದಲ್ಲಿ ಗಸಿ.
ಬರಗು, ಅಂದ.
ಸ್ನಾನದ ತೊಟ್ಟಿಯಲ್ಲಿ ಮೊಳೆಸಿದೆ,
ಯಿರ್ಝಿನಾ ವಾರವಿಡೀ ತಂಗಿಯ ಮನೆಯಲ್ಲಿ ಸ್ನಾನ ಮಾಡಿದಳು.
ಸಣ್ಣ ಕಾಳು ಕಣೇ, ಸಲಿಕೆಗೆ ಸಿಗೊಲ್ಲ,
ಬಾಚಣಿಗೆಯಲ್ಲಿ ಮಗುಚಿದೆ.
ಮಾತಾಡುತ್ತಾ? ಅಂತ ಕೇಳಿದೆ.
ಪಿಸುಗುಟ್ಟುತ್ತೆ. ಭಾಷೆ ಇನ್ನೂ ಕಲೀಬೇಕು.

ಸುರಿದೆ. ನೊರೆ ಬಂತು, ಬಂದದ್ದೇ ಹೋಯಿತು
ಸಾಲ ಕೊಟ್ಟವನನ್ನು ಕಂಡವರ ಹಾಗೆ.
ಓಲ್ದ್ರಿಖ್ ಒಂದು ಗುಟುಕು ಕುಡಿದು
ಒದ್ದೆ ಹಗ್ಗ, ಎಂದ.
ಝ್ಬಿನ್ಯೇಕ್ ತಿದ್ದಿದ: ದನ ಕಟ್ಟಿದ ಹಗ್ಗ.
ಲೂಬೋರ್ ನಗಲಿಲ್ಲ. ನಾಲಿಗೆಯಲ್ಲಿ ತಿರುಗಿಸಿ,
ಕಣ್ಣು ಮುಚ್ಚಿ, ತುಂಬಾ ಹೊತ್ತು ಬಿಟ್ಟು
ಎರಡು ದಿನ ಮೊದಲೇ ಒಣಗಿಸಬೇಕಿತ್ತು, ಎಂದ.
ಆ ದನಿ ಕೇಳಿ ಬಹಳ ದಿನವಾಗಿತ್ತು.

ಆಮೇಲೆ ಚೀಟಿ ನನ್ನ ಕಡೆ ತಳ್ಳಿದ.
ನಿನ್ನದೇ ಜಾಡಿ, ನಿನ್ನದೇ ಬರಗು,
ನಾನೇನು ಲೆಕ್ಕ ಬರೀಲಿ ಇದಕ್ಕೆ?
ಗೆರೆ ಎಳಿ ಬ್ಲಾಂಕಾ, ದುಡ್ಡು ಬೇಕಾದರೆ ತಗೋ.
ಇಲ್ಲಿ ಕೂತಿದ್ದೆ ಅನ್ನೋದಕ್ಕೆ
ಏನಾದರೂ ಬೇಕಲ್ಲ.

ಕಿವಿಯ ಸಂದಿನ ಪೆನ್ಸಿಲ್ ತೆಗೆದೆ. ಮೊನೆ ಮೊಂಡು.
ಒತ್ತಿ ಎಳೆದೆ, ನೆಟ್ಟಗೆ, ಮೇಲಿಂದ ಕೆಳಕ್ಕೆ.