ನಾಲ್ಕನೇ ಪ್ರತಿ

ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ಹೊಂಗೆಯ ಕೆಳಗೆ ನನ್ನ ಮೇಜು.
ಪುಟಕ್ಕೆ ಎಂಟು ರೂಪಾಯಿ, ಕಾರ್ಬನ್ ಬೇರೆ.
ಈ ಯಂತ್ರದಲ್ಲಿ ಒತ್ತಕ್ಷರ ಕೊಂಚ ಸರಿದು ಕೂರುತ್ತದೆ,
ಅದಕ್ಕೇ ‘ವ್ಯಾಪ್ತಿ’ ಎಂದು ಹೊಡೆದಾಗಲೆಲ್ಲ
ಪಕಾರ ಒಂದೂರಲ್ಲಿ, ಅದರ ಒತ್ತು ಇನ್ನೊಂದೂರಲ್ಲಿ.

ಅವತ್ತು ಬೆಳಗಿನಿಂದ ಅದನ್ನೇ ಹೊಡೆಯುತ್ತಿದ್ದೆ.
ವಾದಿ: ಖೈರುನ್ನೀಸಾ, ಮಂಡಕ್ಕಿ ಭಟ್ಟಿ, ದಾವಣಗೆರೆ.
ಪ್ರತಿವಾದಿ: ಅಭಯಛತ್ರ ವಿಮಾ ಕಂಪನಿ,
ಮೂರನೇ ಮಹಡಿ, ಸ್ಟೇಷನ್ ರಸ್ತೆ, ಸಿಲಿಗುರಿ.

ಸಿಲಿಗುರಿ ಎಲ್ಲೈತ್ರಿ, ಅಂದಳು.
ಹಳೇ ರೈಲ್ವೆ ಟೈಂಟೇಬಲ್ ತಿರುವಿ
ಮೂರು ದಿನದ ದಾರಿ, ಅಂದೆ.
‘ಅಷ್ಟ್ ದೂರದಿಂದ ಬಂದು ಕಂತು ಒಯ್ತಿದ್ರಲ್ಲ,
ಒಂದ್ ತಿಂಗಳೂ ತಪ್ಪಿಸ್ದಂಗ.’

ಒಯ್ಯುತ್ತಿದ್ದವನು ಲೋಕಲ್ಲು, ಹದಡಿ ರಸ್ತೆಯ ಹಾಲಸ್ವಾಮಿ.
ಇಸ್ತ್ರಿ ಶರಟು, ಕೆಂಪು ಬ್ಯಾಗು.
ಭಟ್ಟಿ ಮುಂದಿನ ಕಲ್ಲಿನ ಮೇಲೆ ಕೂತು
ಪಕ್ಕದ ಗಾಡಿಯಿಂದ ಮೆಣಸಿನಕಾಯಿ ತರಿಸಿ
ಎರಡು ಮುಗಿಸಿ, ಮೂರನೆಯದನ್ನು ಕಚ್ಚುತ್ತ
ಫಾರಂ ತುಂಬಿದ್ದ.
ಬೆಂಕಿ, ಸಿಡಿಲು, ಗಲಭೆ, ನೆರೆ, ಎಲ್ಲಕ್ಕೂ ಟಿಕ್ಕು.
ಅವನ ಬೆರಳ ಎಣ್ಣೆ
ಆಕೆಯ ಸಹಿಯ ಪಕ್ಕ ಒಂದು ಚಂದ್ರ ಬರೆದಿತ್ತು.

ರಂಜಾನಿಗೆ ಇನ್ನೂ ಹತ್ತು ದಿನ. ಹೊಟ್ಟಿನ ರಾಶಿಗೆ ಕಿಡಿ.
ಚೀಲ, ತಗಡು, ತಕ್ಕಡಿ, ಗೋಡೆಯ ಗಡಿಯಾರ.
ಬಾಣಲೆಗಳಷ್ಟೇ ಉಳಿದವು,
ಅವಕ್ಕೆ ಬೆಂಕಿಯ ರೂಢಿ ಇತ್ತು.

ಕಂಪನಿಯ ತಕರಾರು ಇಂಗ್ಲಿಷಿನಲ್ಲಿ ಬಂತು,
ಕನ್ನಡಕ್ಕಿಳಿಸಿ ಹೊಡೆದವನೂ ನಾನೇ.
‘ಕರ್ನಾಟಕದಲ್ಲಿ ನಮಗೆ ಕಚೇರಿ ಇಲ್ಲ.
ನೌಕರರಿಲ್ಲ. ಫಲಕವಿಲ್ಲ.
ಹೈದರಾಬಾದಿನ ಪ್ರಾಧಿಕಾರದ ಪರವಾನಗಿಯೂ ಇಲ್ಲ.
ಪರವಾನಗಿ ಇಲ್ಲದ್ದರಿಂದ ಅಲ್ಲಿ ನಾವು
ವ್ಯಾಪಾರ ಮಾಡಿರುವ ಸಂಭವವಿಲ್ಲ.
ಮಾಡಿಲ್ಲದ್ದರಿಂದ ದಾವಣಗೆರೆಯ ನ್ಯಾಯಾಲಯಕ್ಕೆ
ನಮ್ಮ ಮೇಲೆ ವ್ಯಾಪ್ತಿ ಇಲ್ಲ.’
ಎರಡು ಪುಟ. ಹದಿನಾರು ರೂಪಾಯಿ.
ಇಲ್ಲ ಅನ್ನುವುದಕ್ಕೂ ರೇಟು ಅದೇ.

ವಕೀಲ ರುದ್ರಮುನಿಯವರು ಎದ್ದಾಗ ನಾನು ಬಾಗಿಲ ಬಳಿ ಇದ್ದೆ.
‘ಮಹಾಸ್ವಾಮಿ, ಬಾಗಿಲಿಂದ ಬಂದವನನ್ನ ನೆಂಟ ಅಂತೀವಿ.
ಹೆಂಚು ತೆಗೆದು ಇಳಿದವನು
ನಾನು ಹೊಸ್ತಿಲು ದಾಟಿಲ್ಲ, ಹಾಗಾಗಿ
ಮನೆಯೊಳಗೇ ಇಲ್ಲ ಅಂದರೆ?’
ಯಾರೋ ನಕ್ಕರು. ಎದುರು ವಕೀಲರೂ, ಸ್ವಲ್ಪ.
ಆಮೇಲೆ ಆ ಫಾರಮ್ಮನ್ನು ಕಿಟಕಿಗೆ ಹಿಡಿದರು:
ಎಣ್ಣೆ ಕುಡಿದ ಅಷ್ಟು ಜಾಗದಲ್ಲಿ
ಕಾಗದ ಗಾಜಾಗಿತ್ತು,
ಆಚೆ ನಿಂತ ಪಿ.ಬಿ. ರಸ್ತೆಯ ಬಸ್ಸು ಕಾಣುವಷ್ಟು.
ನ್ಯಾಯಾಧೀಶರು ಅದನ್ನು ತರಿಸಿಕೊಂಡು ಮೂಸಿದರು
ಅಂತ ಕೆಲವರು ಹೇಳುತ್ತಾರೆ. ನಾನು ಕಂಡಿಲ್ಲ.

ಆದೇಶ ದಸರಾ ರಜೆ ಮುಗಿದ ಮೇಲೆ.
ಸಹಿ ಬಿದ್ದದ್ದು ಇಲ್ಲಿ, ಕಂತು ಕಟ್ಟಿದ್ದು ಇಲ್ಲಿ,
ಉರಿದದ್ದೂ ಇಲ್ಲೇ. ವ್ಯಾಪ್ತಿ ಉಂಟು.

‘ಅಂದ್ರ, ದುಡ್ಡು?’
ದುಡ್ಡಲ್ಲಮ್ಮ. ದುಡ್ಡು ಇಲ್ಲೇ ಕೇಳಬಹುದು ಅಂತ.
‘ಕೇಳಾಕ ಎರಡು ವರ್ಷ ಆತು?’
ರಿಬ್ಬನ್ ಬಿಗಿ ಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ.
ಅಷ್ಟರಲ್ಲಿ ಆಕೆಯೇ ಅಂದಳು,
‘ಆಗಲಿ ಬಿಡ್ರಿ. ಹಂಗಾದ್ರ ಈ ಊರು ಈ ಊರಾಗ ಐತಿ.’

ಹೊಸ ಅರ್ಜಿ, ನಾಲ್ಕು ಪ್ರತಿ.
ಹೊಡೆದು ಮುಗಿಸುವಷ್ಟರಲ್ಲಿ ಮಂಡಕ್ಕಿ ಪೊಟ್ಟಣ ತಂದು
ಕಾಗದಗಳ ಮೇಲೇ ಇಟ್ಟಿದ್ದಳು, ಗಾಳಿಗೆ ಹಾರದಿರಲೆಂದು.
ಒಗ್ಗರಣೆಯ ಎಣ್ಣೆ ಮೊದಲ ಹಾಳೆಗೆ ಇಳಿದು
ಎರಡನೆಯದಕ್ಕೂ ಇಳಿದು
ಮೂರನೆಯದರಲ್ಲಿ ಮಸುಕಾಗಿತ್ತು.
ನಾಲ್ಕನೆಯದು ಬೆಳ್ಳಗೆ.
ಸಿಲಿಗುರಿಗೆ ಹೋಗಬೇಕಾದದ್ದು ಅದೇ.

ಮೂವತ್ತು ವರ್ಷದ ಕಸುಬಿನಲ್ಲಿ
ಒಂದು ಹಾಳೆಯನ್ನೂ ಹೊಲಸು ಮಾಡಿದವನಲ್ಲ.
ಒಂದು ಹಿಡಿ ತಿಂದೆ,
ಸುತ್ತ ನೋಡಿದೆ,
ಹೆಬ್ಬೆರಳನ್ನು ಒರೆಸಿಕೊಳ್ಳದೆ
ಅದರ ಮೂಲೆಗೆ ಒತ್ತಿದೆ.